ಸನ್ಬಲ್ಲಟನ ಹೆಸರಲ್ಲೇ ನಾಲಿಗೆ ನಿಂತುಬಿಟ್ಟಿತು. ಇನ್ನು ಓದಬೇಕಾ, ಬೇಡವಾ?

ಕೋಟೆ_ಓಣಿ (ಬೀದರ), ಭಾನುವಾರ ಸಂಜೆ

ಎಲ್ಲರಿಗೂ ವಂದನೆ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುವವನು ನಾನು. ಇವತ್ತು ಬರೆಯುತ್ತಿದ್ದೇನೆ, ಯಾಕಂದರೆ ಬರೆಯುವಾಗ ನಾನು ಉಗ್ಗುವುದಿಲ್ಲ.

ವಯಸ್ಸು 29. ಮೊಬೈಲ್ ರಿಪೇರಿ ಅಂಗಡಿ ಇದೆ. ಚಿಕ್ಕಂದಿನಿಂದ ಉಗ್ಗು. ಅಜ್ಜಿ ದಿನಾ ಬೆಳಿಗ್ಗೆ ಬಜೆ ತೇದು ನಾಲಿಗೆಗೆ ಹಚ್ಚುತ್ತಿದ್ದರು. ಬಾಯಿಗೆ ಕಹಿ ಬಂತು, ಮಾತು ಬರಲಿಲ್ಲ. ದೊಡ್ಡವನಾದ ಮೇಲೆ ತಪ್ಪಿಸಿಕೊಳ್ಳುವ ದಾರಿ ಕಲಿತೆ. ಬಸ್ಸಿನಲ್ಲಿ ‘ಬಸವಕಲ್ಯಾಣ’ ಬಾಯಿಗೆ ಬರದಿದ್ದರೆ ‘ಕಲ್ಯಾಣ’ ಅಂದರೆ ಮುಗಿಯಿತು. ಬೀದರಕ್ಕೆ ಮಾತ್ರ ಇನ್ನೊಂದು ಹೆಸರಿಲ್ಲ. ಒಮ್ಮೆ ಕಲಬುರಗಿಯಿಂದ ಬರುವಾಗ ‘ಬ’ ಹೊರಡಲೇ ಇಲ್ಲ. ಕಂಡಕ್ಟರ್ ಕಾಯುತ್ತಿದ್ದ. ಹುಮನಾಬಾದಿಗೆ ಟಿಕೆಟ್ ತಗೊಂಡೆ. ಅಲ್ಲಿ ಇಳಿದು ಬೇರೆ ಬಸ್ ಹತ್ತಿದೆ. ಮನೆಯಲ್ಲಿ ಇದನ್ನು ಯಾರಿಗೂ ಹೇಳಿಲ್ಲ.

ಈಗ ವಿಷಯ. ನಮ್ಮ ಸಭೆಯಲ್ಲಿ ಭಾನುವಾರದ ವೇದಪಾಠ ಓದಬೇಕು ಅನ್ನೋದು ನನ್ನ ಬಹಳ ವರ್ಷದ ಆಸೆ. ಇವತ್ತು ಯುವಜನರ ಸರದಿ, ಕೇಳಿಕೊಂಡೆ, ಕೊಟ್ಟರು. ನೆಹೆಮೀಯ 4. ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟಿಸುವಾಗ ಶತ್ರುಗಳು ಹಂಗಿಸುವ ಅಧ್ಯಾಯ. ಮೊದಲ ವಚನದಲ್ಲೇ ಆ ಶತ್ರುಗಳಲ್ಲೊಬ್ಬ ಸನ್ಬಲ್ಲಟ ಇದ್ದಾನೆ. ಮಾತಾಡುವಾಗ ಪದ ಬದಲಿಸಬಹುದು, ದೇವರ ವಾಕ್ಯದಲ್ಲಿ ಬದಲಿಸಲು ಆಗಲ್ಲ ಅಲ್ವಾ? ‘ಸ’ ಅಂತ ಶುರು ಮಾಡಿದೆ, ಅಲ್ಲೇ ನಿಂತೆ. ಫ್ಯಾನಿನ ಸದ್ದು ಕೇಳುತ್ತಿತ್ತು. ಹಿಂದಿನ ಬೆಂಚಿನ ಹುಡುಗರು ನಕ್ಕರು, ಅದು ನನಗೆ ರೂಢಿ. ಕಡೆಗೆ ಮುಂದಿನ ಸಾಲಿನಿಂದ ಯಾರೋ ಆ ಹೆಸರನ್ನು ನನ್ನ ಪರವಾಗಿ ಹೇಳಿಬಿಟ್ಟರು. ಹೇಗೋ ಆರು ವಚನ ಮುಗಿಸಿದೆ.

ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಹಿರಿಯರೊಬ್ಬರು ಹೆಗಲ ಮೇಲೆ ಕೈ ಇಟ್ಟರು. "ದೇವರ ವಾಕ್ಯ ಅದ ತಮ್ಮಾ. ಬಾಯಿ ಸರಿ ಇದ್ದವರು ಓದ್ಲಿ. ನೀ ಕುರ್ಚಿ ಹಾಕ್ತಿಯಲ್ಲ, ಅದೇ ಚಂದ ಅದ."

ಪ್ರೀತಿಯಿಂದಲೇ ಹೇಳಿದರು, ಅದೇ ತೊಂದರೆ. ಅಪ್ಪ ತೀರಿಕೊಂಡ ರಾತ್ರಿ ಬೆಳಗಿನ ತನಕ ನಮ್ಮ ಜೊತೆ ಕೂತವರು ಅವರು. ಸಿಟ್ಟು ಮಾಡಲೂ ಆಗುತ್ತಿಲ್ಲ, ಮರೆಯಲೂ ಆಗುತ್ತಿಲ್ಲ. ಇದನ್ನು ದೇವರ ಚಿತ್ತ ಅಂತ ತಗೊಂಡು ಕುರ್ಚಿ ಹಾಕಿಕೊಂಡು ಇದ್ದುಬಿಡಲಾ?

ಚಿಟಗುಪ್ಪ_ಮನೆ, ಭಾನುವಾರ ರಾತ್ರಿ

ಓದಿ ಬೇಜಾರಾಯ್ತು ಅಣ್ಣ. ಪ್ರಾರ್ಥಿಸುತ್ತೇನೆ. ಒಂದು ವಿನಂತಿ: ಯಾರೂ ಬಂದು ಬಿದರಿ ಹೂಜಿ ಕಪ್ಪಾದ ಮೇಲೇ ಬೆಳ್ಳಿ ಹೊಳೆಯೋದು ಅಂತ ಉಪದೇಶ ಮಾಡಬೇಡಿ. ಬೀದರದವರು ಏನೇ ಕಷ್ಟ ಹೇಳಿಕೊಂಡರೂ ಆ ಹೂಜಿ ಬಂದೇ ಬರುತ್ತೆ.

ಹಳೇ_ಟೀಚರ್ (ಕಲಬುರಗಿ), ಭಾನುವಾರ ರಾತ್ರಿ

ಹೂಜಿ ತರಲ್ಲ, ಕುರಿ ತರುತ್ತೇನೆ.

ತಮ್ಮಾ, 1 ಸಮುವೇಲ 17 ತೆಗೆ. ದಾವೀದ ಗೊಲ್ಯಾತನನ್ನು ಕೊಂದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಅವನು ಯಾರ ಬಾಯಿಗೆ ಸಿಕ್ಕ ನೋಡು. 28ನೇ ವಚನ. ಸ್ವಂತ ಅಣ್ಣ ಎಲೀಯಾಬ. ಇಲ್ಲಿಗೆ ಯಾಕೆ ಬಂದೆ, ಆ ನಾಲ್ಕು ಕುರಿಗಳನ್ನು ಅಡವಿಯಲ್ಲಿ ಯಾರ ಕೈಗೆ ಒಪ್ಪಿಸಿ ಬಂದೆ ಅಂತ ಕೇಳುತ್ತಾನೆ. ನಿನ್ನ ಕುರ್ಚಿಯ ಮಾತು ಅದೇ ಜಾತಿಯದು. ಬೈಗುಳ ಅಲ್ಲ, ನಿನ್ನ ಜಾಗ ಯಾವುದು ಅಂತ ತೋರಿಸುವ ಮಾತು. ಪರರು ಆಡಿದ್ದು ಚರ್ಮಕ್ಕೆ ತಾಗುತ್ತೆ, ಮನೆಯವರು ಆಡಿದ್ದು ಎಲುಬಿಗೆ.

ಗೊಲ್ಯಾತ 40 ದಿನ ಬೆಳಿಗ್ಗೆ ಸಂಜೆ ಕೂಗಿದ. ಎಲೀಯಾಬ ಒಂದೇ ಸಲ ಆಡಿದ. ದಾವೀದನನ್ನು ವಾಪಸ್ ಕಳಿಸಿಬಿಡುವ ಶಕ್ತಿ ಜಾಸ್ತಿ ಇದ್ದದ್ದು ಆ ಒಂದು ಮಾತಿಗೇ ಅಂತ ನನಗೆ ಅನಿಸುತ್ತೆ. ಮುಂದೆ ಏನಾಯ್ತು? ನಾನೇನು ಮಾಡಿದೆ, ಒಂದು ಮಾತು ಕೇಳಿದ್ದಷ್ಟೇ ಅಲ್ವಾ ಅಂತ ದಾವೀದ ಅಂದ. ಆಮೇಲೆ 30ನೇ ವಚನ. ಅವನನ್ನು ಬಿಟ್ಟು ಇನ್ನೊಬ್ಬನ ಕಡೆ ತಿರುಗಿ ಅದೇ ಪ್ರಶ್ನೆ ಮತ್ತೆ ಕೇಳಿದ. ಅಷ್ಟೇ. ಅಣ್ಣನ ಜೊತೆ ವಾದಕ್ಕೆ ಕೂರಲಿಲ್ಲ. ಅಣ್ಣ ಒಪ್ಪುವ ತನಕ ಕಾಯಲೂ ಇಲ್ಲ. ಸಂಡೇ ಸ್ಕೂಲಿನಲ್ಲಿ 31 ವರ್ಷ ಈ ಕಥೆ ಹೇಳಿದ್ದೇನೆ. ಮಕ್ಕಳಿಗೆ ಕವಣೆ ಬೇಕು, ನನಗೆ ಆ ತಿರುಗಿದ್ದು ಬೇಕು.

ಇನ್ನು ಆ ಹೆಸರುಗಳ ವಿಷಯ. ಉಗ್ಗಿಲ್ಲದವರೂ ಅಲ್ಲಿ ಎಡವುತ್ತಾರೆ. ಜಾನ್ ಹ್ಯಾಂಡ್ಸ್ ಅನ್ನೋ ಮಿಷನರಿ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತ. ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗುವ ಹೊತ್ತಿಗೆ 1831 ಆಗಿತ್ತು. ಆ ಇಪ್ಪತ್ತು ವರ್ಷ ಅವನ ಕನ್ನಡ ಕೇಳಿ ಬಳ್ಳಾರಿ ಪೇಟೆಯಲ್ಲಿ ಯಾರೂ ನಗಲಿಲ್ಲ ಅಂತೀಯಾ?

ಶಹಾಪುರ_ಬೆಟ್ಟ, ಸೋಮವಾರ ಬೆಳಿಗ್ಗೆ

ನಾನು ಕ್ರೈಸ್ತ ಅಲ್ಲ, ಗೆಳೆಯನೊಬ್ಬ ಈ ಚರ್ಚೆ ಕಳಿಸಿದ. ಒಂದು ಮಾತು ಹೇಳಲೇಬೇಕು. ‘ತಿರುಗಿಕೊಂಡು ಹೋಗು, ಪ್ರಾರ್ಥನೆ ಮಾಡು’ ಅಂತ ನೋವಾದವನಿಗೇ ಹೇಳುತ್ತೀರಿ. ನೋವು ಮಾಡಿದವರಿಗೆ ಯಾರು ಹೇಳುತ್ತಾರೆ? ಎಲ್ಲಾ ಧರ್ಮದಲ್ಲೂ ಇದೇ ಕಥೆ. ಹಿರಿಯರು ಅಂದಕೂಡಲೇ ಎಲ್ಲರ ಬಾಯಿಗೂ ಬೀಗ. ಆ ಮನುಷ್ಯನಿಗೆ ನೇರವಾಗಿ "ನಿಮ್ಮ ಮಾತು ತಪ್ಪು" ಅನ್ನಿ, ಮುಗೀತು.

ಹಳೇ_ಟೀಚರ್ (ಕಲಬುರಗಿ), ಸೋಮವಾರ ಬೆಳಿಗ್ಗೆ

ಒಪ್ಪುತ್ತೇನೆ. ಆದರೆ ಪ್ರಾರ್ಥನೆ ಅಂದರೆ ಬಾಯಿಗೆ ಬೀಗ ಅಂತ ನಿಮಗೆ ಯಾರು ಹೇಳಿದರು? ಅದೇ ನೆಹೆಮೀಯ 4 ಓದಿ. ಈ ಗೋಡೆಯ ಮೇಲೆ ನರಿ ಹತ್ತಿದರೂ ಕಲ್ಲು ಉದುರುತ್ತೆ ಅಂತ ಸನ್ಬಲ್ಲಟನ ಜೊತೆಗಾರ ಟೋಬೀಯ ಹಂಗಿಸಿದಾಗ ನೆಹೆಮೀಯ ಮಾಡಿದ ಪ್ರಾರ್ಥನೆ ಸಿಹಿಯಾಗಿಲ್ಲ. ಅವರ ನಿಂದೆಯನ್ನು ಅವರ ತಲೆಗೇ ತಿರುಗಿಸು ದೇವರೇ ಅಂತಾನೆ. ಪೂರ್ತಿ ಸಿಟ್ಟು. ಅದನ್ನು ಟೋಬೀಯನ ಮುಖಕ್ಕೆ ಹೇಳದೆ ದೇವರ ಮುಂದೆ ಸುರಿದ, ಗೋಡೆ ಕಟ್ಟುವುದನ್ನು ಮುಂದುವರಿಸಿದ. ಸಿಟ್ಟಿಗೂ ಒಂದು ಮೋರಿ ಬೇಕಲ್ಲಪ್ಪ, ಇಲ್ಲದಿದ್ದರೆ ಅಂಗಳ ಕೆಡುತ್ತೆ.

ಶಹಾಪುರ_ಬೆಟ್ಟ, ಸೋಮವಾರ ಬೆಳಿಗ್ಗೆ

ಇದು ನನಗೆ ಗೊತ್ತಿರಲಿಲ್ಲ. ಆದರೂ ನೇರವಾಗಿ ಹೇಳಬೇಕು ಅನ್ನೋದರಲ್ಲಿ ನಾನು ಬದಲಾಗಿಲ್ಲ.

ನೈಟ್_ಡ್ಯೂಟಿ (ಯಾದಗಿರಿ), ಸೋಮವಾರ ಮಧ್ಯಾಹ್ನ

ನರ್ಸ್ ಆಗಿ 12 ವರ್ಷ. ನಿನ್ನೆ ರಾತ್ರಿಪಾಳಿಯಲ್ಲಿ ಇದನ್ನು ಓದಿದೆ, ಈಗ ಎದ್ದು ಬರೆಯುತ್ತಿದ್ದೇನೆ.

ನನಗೆ ನೆನಪಾದದ್ದು ಮಾರ್ಕ 5. ಯಾಯೀರ ಅನ್ನುವವನು ಸಾಯುತ್ತಿದ್ದ ತನ್ನ ಮಗಳಿಗಾಗಿ ಯೇಸುವನ್ನು ಕರೆದುಕೊಂಡು ಹೋಗುತ್ತಿದ್ದಾನೆ. ದಾರಿಯಲ್ಲಿ ಮನೆಯವರು ಬಂದು ಹುಡುಗಿ ತೀರಿಕೊಂಡಳು, ಇನ್ನು ಗುರುಗಳಿಗೆ ಯಾಕೆ ತೊಂದರೆ ಕೊಡ್ತೀ ಅಂತಾರೆ. ಈ ‘ಇನ್ನು ಯಾಕೆ’ ಅನ್ನೋ ಮಾತು ವಾರ್ಡಿನಲ್ಲಿ ದಿನಾ ಕೇಳುತ್ತೇನೆ. ಕೆಟ್ಟವರು ಆಡುವುದಿಲ್ಲ, ದಣಿದವರು ಆಡುತ್ತಾರೆ. ಯೇಸು ಆ ಮಾತು ಕೇಳಿಸಿಕೊಂಡ. ಉತ್ತರ ಮಾತ್ರ ಅವರಿಗೆ ಕೊಡಲಿಲ್ಲ, ಅಪ್ಪನ ಕಡೆ ನೋಡಿ ಹೆದರಬೇಡ, ನಂಬು ಅಂದ. ಮನೆಗೆ ಹೋದ ಮೇಲೆ ಜನ ನಕ್ಕರು. ನಕ್ಕವರನ್ನೆಲ್ಲ ಹೊರಗೆ ಕಳಿಸಿದ. ಅಪ್ಪ, ಅಮ್ಮ, ಮೂವರು ಶಿಷ್ಯರು, ಅಷ್ಟೇ ಒಳಗೆ. ಯಾರು ಒಳಗಿರಬೇಕು, ಯಾರು ಹೊರಗಿರಬೇಕು ಅಂತ ತೀರ್ಮಾನಿಸುವುದು ತಪ್ಪಲ್ಲ ಅಂತ ನನಗೆ ಗೊತ್ತಾದದ್ದು ಅಲ್ಲಿ. ಹುಡುಗಿ ಎದ್ದ ಮೇಲೆ ಅವಳಿಗೆ ತಿನ್ನಲು ಏನಾದರೂ ಕೊಡಿ ಅಂತಾನೆ ನೋಡಿ, ನರ್ಸುಗಳಿಗೆ ಆ ವಚನ ಬಹಳ ಇಷ್ಟ.

ಪ್ರವಾದಿ ಎಲೀಯನೂ ಹಾಗೇ. ರಾಣಿ ಈಜೆಬೆಲಳ ಒಂದು ಬೆದರಿಕೆ ಮಾತಿಗೆ ಬೆಟ್ಟದಂಥ ಮನುಷ್ಯ ಓಡಿಹೋಗಿ ಗಿಡದ ಕೆಳಗೆ ಮಲಗಿ, ಸಾಕು ನನ್ನ ಪ್ರಾಣ ತಗೋ ಅಂದ. ನನ್ನ ಕಣ್ಣಿಗೆ ಅದು ಯಾವಾಗಲೂ ಭೀಮಾ ದಂಡೆಯ ಜಾಲಿ ಗಿಡ. ದೇವದೂತ ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ. ಮತ್ತೆ ರೊಟ್ಟಿ, ನೀರು. ಅಣ್ಣ, ನೀವು ಭಾನುವಾರ ಮಧ್ಯಾಹ್ನ ಊಟ ಮಾಡಿದ್ರಾ?

ಕೋಟೆ_ಓಣಿ (ಬೀದರ), ಸೋಮವಾರ ರಾತ್ರಿ

ಮಾಡಿರಲಿಲ್ಲ ಅಕ್ಕ. ಹೇಗೆ ಗೊತ್ತಾಯ್ತು?

ಮಾತು_ಕತೆ (ಮೈಸೂರು, ಊರು ಕಲಬುರಗಿ), ಮಂಗಳವಾರ

ಮೈಸೂರಿನಲ್ಲಿ ವಾಕ್ ಚಿಕಿತ್ಸೆ ಓದುತ್ತಿದ್ದೇನೆ. ವಿಶ್ವಾಸದ ಮಾತು ದೊಡ್ಡವರು ಹೇಳಿದ್ದಾರೆ. ನಾನು ನಾಲಿಗೆಯ ಮಾತು ಹೇಳುತ್ತೇನೆ.

ಉಗ್ಗು ಹೆದರಿಕೆಯಿಂದ ಹುಟ್ಟುವುದಿಲ್ಲ. ಹೆದರಿದರೆ ಜಾಸ್ತಿ ಆಗಬಹುದು, ಅಷ್ಟೇ. ಮಿದುಳು ಮಾತಿಗೆ ಸಮಯ ಹೊಂದಿಸುವ ರೀತಿ ಬೇರೆ ಇರುತ್ತೆ, ವಂಶದಲ್ಲೂ ಬರುತ್ತೆ. ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದೆ. 200 ಜನರ ಸಭೆ ಇದ್ದರೆ ಇನ್ನೊಬ್ಬರು ಎಲ್ಲೋ ಸುಮ್ಮನೆ ಕೂತಿರಬಹುದು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ನಂಬಿಕೆ ಕಡಿಮೆ ಇರುವುದಕ್ಕೂ ಸಂಬಂಧವಿಲ್ಲ, ಇದನ್ನು ದಪ್ಪಕ್ಷರದಲ್ಲಿ ಓದಿ.

ಕೇಳುವವರು ಪದ ತುಂಬಿಸಬಾರದು. ‘ನಿಧಾನ ಮಾಡು, ಉಸಿರು ತಗೋ’ ಅನ್ನುವುದೂ ಸಹಾಯ ಆಗಲ್ಲ. ಸುಮ್ಮನೆ ಕಾಯಬೇಕು, ಮುಖ ನೋಡುತ್ತಾ.

ನಿಮಗೆ ಒಂದು ಪ್ರಶ್ನೆ: ಎಲ್ಲರ ಜೊತೆ ಕರ್ತನ ಪ್ರಾರ್ಥನೆ ಹೇಳುವಾಗ ಉಗ್ಗು ಬರುತ್ತಾ?

ಕೋಟೆ_ಓಣಿ (ಬೀದರ), ಮಂಗಳವಾರ

ಬರಲ್ಲ! ಯಾವತ್ತೂ ಬಂದಿಲ್ಲ. ಹಾಡುವಾಗಲೂ ಬರಲ್ಲ. ಅದಕ್ಕೇ ಸಭೆ ಅಂದರೆ ನನಗೆ ಇಷ್ಟ. ಊರಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವ ಜಾಗ ಅದೊಂದೇ.

ಮಾತು_ಕತೆ (ಮೈಸೂರು), ಮಂಗಳವಾರ

ಅಂದುಕೊಂಡೆ. ಇನ್ನೊಬ್ಬರ ಜೊತೆ ಒಟ್ಟಿಗೆ ಓದಿದಾಗ, ಹಾಡಿದಾಗ ಉಗ್ಗು ಬಹಳ ಮಟ್ಟಿಗೆ ನಿಂತುಹೋಗುತ್ತೆ. ಇದು ಚೆನ್ನಾಗಿ ಗೊತ್ತಿರುವ ವಿಷಯ. ಹಾಗಾಗಿ ಮೊದಲು ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎರಡು ವಚನ ಒಟ್ಟಿಗೆ ಓದಿ. ಆಮೇಲೆ ಅವರು ನಿಲ್ಲಿಸಲಿ, ನೀವು ಮುಂದುವರಿಸಿ. ಮತ್ತೆ ಉಗ್ಗು ಬಂದರೆ ಬರಲಿ. ಉಗ್ಗುತ್ತಲೇ ಓದಬಹುದು, ತಪ್ಪೇನಿಲ್ಲ. ಇದರಿಂದ ಉಗ್ಗು ವಾಸಿಯಾಗಿಬಿಡುತ್ತೆ ಅಂತ ನಾನು ಹೇಳುತ್ತಿಲ್ಲ. ಸಾಧ್ಯವಾದರೆ ಒಬ್ಬ ವಾಕ್ ಚಿಕಿತ್ಸಕರನ್ನೂ ನೋಡಿ.

ಮೋಶೆಗೂ ಉಗ್ಗಿತ್ತು ಅಂತ ಯಾರಾದರೂ ಬರೆಯುವ ಮೊದಲು ಹೇಳಿಬಿಡುತ್ತೇನೆ. ವಿಮೋಚನಕಾಂಡ 4ರಲ್ಲಿ ಇರುವುದು ಬಾಯಿ ಮಂದ, ನಾಲಿಗೆ ಮಂದ ಅಂತ ಮಾತ್ರ. ಆದರೆ ದೇವರು ಅವನ ನಾಲಿಗೆ ಸರಿ ಮಾಡಿ ಕಳಿಸಲಿಲ್ಲ ಅನ್ನೋದು ನನಗೆ ಮುಖ್ಯ. ಮಾತಾಡಲು ಪಕ್ಕದಲ್ಲಿ ಅವನ ಅಣ್ಣ ಆರೋನನನ್ನು ನಿಲ್ಲಿಸಿದ.

ಸೇಡಂ_ರೋಡ್ (ಕಲಬುರಗಿ), ಬುಧವಾರ

ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಕ್ಷಮಿಸಿ.

ನಮ್ಮ ಕಡೆಯವರಿಗೆ ಈ ತರಹದ ಮಾತು ಒಬ್ಬೊಬ್ಬರಿಗೆ ಬರಲ್ಲ, ಜಿಲ್ಲೆಗೇ ಒಟ್ಟಿಗೆ ಬರುತ್ತೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ, 42.43%. ಹಿಂದಿನ ವರ್ಷ ಯಾದಗಿರಿ ಕೊನೆ. ಬೆಂಗಳೂರಿನಲ್ಲಿ ಯಾವುದೋ ತರಬೇತಿಗೆ ಹೋದಾಗ ಒಬ್ಬರು "ಓ, ಗುಲ್ಬರ್ಗಾನಾ" ಅಂತ ಆ ‘ಓ’ವನ್ನು ಎಳೆದರಲ್ಲ, ಅದರಲ್ಲಿ ಎಲ್ಲಾ ಇತ್ತು. ಯೋಹಾನ 1ರಲ್ಲಿ ಯೇಸುವಿನ ಊರಿನ ಬಗ್ಗೆ ನತಾನಯೇಲ ಕೇಳಿದ್ದೂ ಅದೇ. ನಜರೇತಿನಿಂದ ಒಳ್ಳೇದು ಬರುತ್ತಾ? ಫಿಲಿಪ್ಪ ನಜರೇತನ್ನು ಹೊಗಳಲು ಹೋಗಲಿಲ್ಲ. ಬಂದು ನೋಡು ಅಂದ.

ಆದರೆ ಒಂದು ಎಚ್ಚರಿಕೆ. ‘ನಿಮ್ಮ ಜಿಲ್ಲೆಯವರಿಗೆ ತಲೆ ಇಲ್ಲ’ ಅನ್ನೋದು ಎದೆ ಒಡೆಯುವ ಮಾತು. 42.43 ಅನ್ನೋದು ಅಂಥ ಮಾತಲ್ಲ, ಲೆಕ್ಕ. ಅದಕ್ಕೆ ವಚನ ಹೊದಿಸಿ ಮುಚ್ಚಬಾರದು, ಕೂತು ಗಣಿತ ಕಲಿಸಬೇಕು. ಚುಚ್ಚಿದ್ದೆಲ್ಲಾ ಸೈತಾನನ ಮಾತು ಅಂತ ತಳ್ಳಿಹಾಕುವ ಅಭ್ಯಾಸ ನಮ್ಮ ಸಭೆಗಳಲ್ಲಿ ಇದೆ. ನನಗೂ ಇತ್ತು. ಹೆಂಡತಿ ‘ನಿಮ್ಮ ಪ್ರಾರ್ಥನೆ ಉದ್ದ ಆಯ್ತು’ ಅಂದರೂ ನಿರುತ್ಸಾಹ ಮಾಡುತ್ತಾಳೆ ಅನ್ನುತ್ತಿದ್ದೆ. ಉದ್ದವೇ ಆಗಿತ್ತು.

ತಮ್ಮನ ವಿಷಯದಲ್ಲಿ ಹಿರಿಯರ ಮಾತು ಲೆಕ್ಕವೂ ಅಲ್ಲ. ಓದಿದ್ದು ಅರ್ಥವಾಗಲಿಲ್ಲ ಅಂತ ಅವರು ಹೇಳಲೇ ಇಲ್ಲ.

ತೊಗರಿ_ಹೊಲ (ಚಿತ್ತಾಪುರ), ಗುರುವಾರ ರಾತ್ರಿ

ನಾಲ್ಕು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಇದ್ದೆ. ನನಗೆ 64. ನಾನೂ ನಮ್ಮ ಸಭೆಯಲ್ಲಿ ಹಿರಿಯ. ಆ ಬಾಗಿಲ ಹತ್ತಿರ ನಿಂತವನು ನಾನಲ್ಲ, ಆದರೆ ನಾನಾಗಿರಬಹುದಿತ್ತು.

ನನ್ನ ಮಗಳು ಚಿಕ್ಕಂದಿನಲ್ಲಿ ಹಾಡುತ್ತಿದ್ದಳು. ಶ್ರುತಿ ಸ್ವಲ್ಪ ಆಚೆ ಈಚೆ ಹೋಗುತ್ತಿತ್ತು. ಒಂದು ಕ್ರಿಸ್ಮಸ್ ರಾತ್ರಿ ಕ್ಯಾರಲ್ ಮುಗಿಸಿ ಬರುವಾಗ "ನೀ ಬಾಯಿ ಅಷ್ಟೇ ಆಡಿಸು, ದನಿ ತೆಗೀಬೇಡ" ಅಂದೆ. ತಮಾಷೆಗೆ ಅಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅವತ್ತಿನಿಂದ ಹಾಡಿಲ್ಲ. ಅವಳ ಮದುವೆಯ ದಿನವೂ ಹಾಡಿನ ಪುಸ್ತಕ ಕೈಯಲ್ಲಿ ತೆರೆದು ಹಿಡಿದಿದ್ದಳು, ಬಾಯಿ ಅಷ್ಟೇ ಆಡುತ್ತಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ, ದನಿ ಇರಲಿಲ್ಲ. ನಾನು ಹೇಳಿದ್ದನ್ನು ಅಷ್ಟು ಚೆನ್ನಾಗಿ ಪಾಲಿಸಿದ್ದಳು.

ಇವತ್ತು ಪುಣೆಗೆ ಫೋನ್ ಮಾಡಿದೆ. ಆ ಮಾತಿಗೆ ಕ್ಷಮೆ ಕೇಳಿದೆ. "ಯಾವ ಮಾತು ಅಪ್ಪಾ? ನನಗೆ ನೆನಪೇ ಇಲ್ಲ" ಅಂದಳು. ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು. ಆಮೇಲೆ ಮಳೆ ವಿಷಯ ಮಾತಾಡಿದೆವು.

ತಮ್ಮಾ, ನಾವು ಹಿರಿಯರು ಯಾಕೆ ಹೀಗೆ ಆಡುತ್ತೇವೆ ಗೊತ್ತಾ? ಆರಾಧನೆ ಚೆಂದ ಆಗಬೇಕು, ಯಾರೂ ನಗಬಾರದು ಅಂತ. ದೇವರ ಮರ್ಯಾದೆ ಕಾಯುತ್ತೇವೆ ಅಂದುಕೊಳ್ಳುತ್ತೇವೆ. ಕಾಯುವುದು ನಮ್ಮ ಮರ್ಯಾದೆ. ಪೌಲ ಒಮ್ಮೆ ಮಾರ್ಕನನ್ನು ಜೊತೆಗೆ ಬೇಡ ಅಂದ, ಅರ್ಧದಲ್ಲಿ ಬಿಟ್ಟು ಹೋದವನು ಅಂತ. ಬಾರ್ನಬ ಅದೇ ಹುಡುಗನನ್ನು ಕರೆದುಕೊಂಡು ಸೈಪ್ರಸ್ಸಿಗೆ ಹಡಗು ಹತ್ತಿದ. ಅಪೊಸ್ತಲರ ಕೃತ್ಯಗಳು 15. ಮುಂದೆ 2 ತಿಮೊಥೆಯ 4ರಲ್ಲಿ ಪೌಲನೇ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕಾದವನು ಅಂತ ಬರೆಯುತ್ತಾನೆ. ಪೌಲನಂಥವನೇ ಮಾತು ಬದಲಿಸಿದ. ನಿಮ್ಮ ಹಿರಿಯರಿಗೂ ಒಂದು ಅವಕಾಶ ಕೊಡು. ಶಹಾಪುರದವರು ಹೇಳಿದ್ದು ಸರಿ, ಹೇಳದೆ ಇದ್ದರೆ ಅವರಿಗೆ ಗೊತ್ತಾಗುವುದೇ ಇಲ್ಲ. ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಶಹಾಪುರ_ಬೆಟ್ಟ, ಗುರುವಾರ ರಾತ್ರಿ

ಹಿರಿಯರೇ, ನಮಸ್ಕಾರ. ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ.

ಕೋಟೆ_ಓಣಿ (ಬೀದರ), ಮೂರು ವಾರದ ನಂತರ

ತಡವಾಯಿತು, ಅಂಗಡಿಯಲ್ಲಿ ಕೆಲಸ ಜಾಸ್ತಿ ಇತ್ತು.

ಮೊದಲು ಹಿರಿಯರ ವಿಷಯ. ಮನೆಗೆ ಹೋದೆ. ಚಹಾ ಕೊಟ್ಟರು. ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ, ಆದರೆ ಬಾಯಿಂದಲೇ ಹೇಳಿದೆ. "ನಿಮ್ಮ ಮಾತಿಂದ ನೋವಾಯ್ತು" ಅನ್ನುವ ಒಂದು ವಾಕ್ಯಕ್ಕೆ ಬಹಳ ಹೊತ್ತು ಹಿಡಿಯಿತು. ಅವರು ಗೋಡೆ ನೋಡುತ್ತಾ ಕೂತರು. "ನಿನಗ ನಗ್ತಾರ ಅಂತ ನನಗ ಸಂಕಟ ಆಯ್ತಪಾ" ಅಂದರು. ಕ್ಷಮಿಸು ಅನ್ನಲಿಲ್ಲ. ಬಾಗಿಲ ತನಕ ಬಂದರು.

ಭಾನುವಾರ ಇನ್ನೂ ಓದಿಲ್ಲ. ನೌಬಾದಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಶುಕ್ರವಾರ ಪ್ರಾರ್ಥನೆ ಕೂಟ ಇತ್ತು. ಹದಿನಾಲ್ಕು ಜನ. ಟೀಚರ್ ಹೇಳಿದ ಹಾಗೆ ಇನ್ನೊಂದು ಕಡೆ ತಿರುಗಿದೆ ಅಂದುಕೊಳ್ಳಿ. ಅದೇ ನೆಹೆಮೀಯ 4. ಚಿಕ್ಕಮ್ಮ ಪಕ್ಕದಲ್ಲಿ ನಿಂತು ಮೊದಲ ಎರಡು ವಚನ ಒಟ್ಟಿಗೆ ಓದಿದರು. ಸನ್ಬಲ್ಲಟ ಎಣ್ಣೆ ಹಚ್ಚಿದ ಹಾಗೆ ಜಾರಿಕೊಂಡು ಬಂದ. ಮೂರನೇ ವಚನಕ್ಕೆ ಅವರು ನಿಲ್ಲಿಸಿದರು. ‘ಟೋಬೀಯ’ ಅಲ್ಲೇ ಸಿಕ್ಕಿಕೊಂಡಿತು. ಯಾರೂ ಪದ ತುಂಬಿಸಲಿಲ್ಲ, ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದೆ. ಒಳಗೆ ಕುಕ್ಕರ್ ಎರಡು ಸಲ ಕೂಗಿತು. ಆಮೇಲೆ ಟೋಬೀಯ ಬಂದ, ಅವನ ಹಿಂದೆ ನರಿಯೂ ಬಂತು. ಮಕ್ಕಳು ನಕ್ಕವು. ಈ ಸಲ ನಕ್ಕಿದ್ದು ನರಿಗೆ.

ಹತ್ತನೇ ವಚನ ಮೊದಲು ಗಮನಿಸಿರಲಿಲ್ಲ. ಹೊರುವವರ ಶಕ್ತಿ ಕುಂದಿದೆ, ಕಸದ ರಾಶಿ ಬಹಳ ಇದೆ, ನಮ್ಮಿಂದ ಗೋಡೆ ಕಟ್ಟಲು ಆಗಲ್ಲ ಅಂತ ಅಲ್ಲಿ ಹೇಳುವವರು ಶತ್ರುಗಳಲ್ಲ. ಕಟ್ಟುತ್ತಿದ್ದವರೇ. ಅದನ್ನು ಓದುವಾಗ ಉಗ್ಗು ಬರಲಿಲ್ಲ, ಆದರೂ ನಾನೇ ಸ್ವಲ್ಪ ನಿಂತೆ.

ನೈಟ್_ಡ್ಯೂಟಿ (ಯಾದಗಿರಿ)

ಕುಕ್ಕರಿನಲ್ಲಿ ಏನಿತ್ತು?

ಕೋಟೆ_ಓಣಿ (ಬೀದರ)

ಬ್ಯಾಳಿ ಅಕ್ಕ. ಎರಡು ರೊಟ್ಟಿ ಜಾಸ್ತಿನೇ ತಿಂದೆ.

ಹಳೇ_ಟೀಚರ್ (ಕಲಬುರಗಿ)

ಮುಂದೆ ಯಾವ ಅಧ್ಯಾಯ? ಮೂರನೇದು ಮಾತ್ರ ಒಪ್ಪಿಕೊಳ್ಳಬೇಡ. ಗೋಡೆ ಕಟ್ಟಿದವರ ಹೆಸರು ಬಿಟ್ಟರೆ ಅದರಲ್ಲಿ ಏನೂ ಇಲ್ಲ, ನನಗೇ ಬೆವರು ಬರುತ್ತೆ.

ಕೋಟೆ_ಓಣಿ (ಬೀದರ)

ಆರನೇದು ಕೊಟ್ಟಿದ್ದಾರೆ ಟೀಚರ್, ಗೋಡೆ 52 ದಿನದಲ್ಲಿ ಮುಗಿಯುವ ಅಧ್ಯಾಯ. ಖುಷಿಯಿಂದ ತೆಗೆದು ನೋಡಿದೆ. ಮೊದಲ ವಚನದಲ್ಲೇ ಮತ್ತೆ ಸನ್ಬಲ್ಲಟ.